ಬದು ತೆಗೆದ ಎರಡು ಡಿಸ್ಕು

ಕರುಣಾ ರೊಟ್ಟಿ ತಟ್ಟುತ್ತಿದ್ದಳು. ಮೂರನೆಯದು ಹಂಚಿನ ಮೇಲೆ ಉಬ್ಬುವ ಹೊತ್ತಿಗೆ ಪಡಸಾಲೆಯಿಂದ ಉಚ್ಚಂಗಪ್ಪನ ಕೂಗು ಬಂತು.

"ಏನವ್ವಾ, ಗುಂಡಿ ಒತ್ತಿ ಒತ್ತಿ ಬೆರಳು ಸವೀತು, ನಿನ್ನ ಕಂಪ್ಯೂಟರ್ ಏಳವಲ್ದು! ಹತ್ತಕ್ಕೆ ತೂಬು ಎತ್ತತಾರೆ. ಪಾಳಿ ಪಟ್ಟಿ ಎಲ್ಲೈತಿ?"

ಅಂಜನಾಪುರದ ಕಾಲುವೆ ನೀರು ಯಾರ ಗದ್ದೆಗೆ ಮೊದಲು, ಯಾರಿಗೆ ಆಮೇಲೆ ಎಂಬ ಪಟ್ಟಿ ಇದ್ದದ್ದು ಅದರೊಳಗೇ. ನೀರು ಬಳಕೆದಾರರ ಸಂಘಕ್ಕೆ ಉಚ್ಚಂಗಪ್ಪ ಅಧ್ಯಕ್ಷ, ಕರುಣಾ ಕಾರ್ಯದರ್ಶಿ. ಪಟ್ಟಿ ಇಲ್ಲದೆ ತೂಬು ಎತ್ತಿದರೆ ಸಲಿಕೆಗಳೂ ಏಳುತ್ತವೆಂದು ಇಬ್ಬರಿಗೂ ಗೊತ್ತು.

ಹಿಟ್ಟಿನ ಕೈ ಒರೆಸಿಕೊಂಡು ಬಂದು ನೋಡಿದಳು. ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶ ಅರ್ಧ ಎದ್ದು ಅಲ್ಲೇ ಕೂತಿತ್ತು. ಕಪ್ಪು ಪರದೆಯ ತುಂಬ ಬಿಳಿ ಅಕ್ಷರ: ಲಾಜಿಕಲ್ ವಾಲ್ಯೂಮ್ ಸಿಗುತ್ತಿಲ್ಲ.

"ಶಿಕಾರಿಪುರಕ್ಕೆ ಒಯ್ದು ಎಲ್ಲಾ ಅಳಿಸಿ ಹೊಸದು ಹಾಕಿಸಾಣ," ಎಂದ ಉಚ್ಚಂಗಪ್ಪ.

"ಅಳಿಸಿದ್ರೆ ಪಟ್ಟಿನೂ ಹೋತು, ತಡೀರಿ."

ಸೊರಬದ ಗೆಳತಿ ಗಂಗಾಶ್ರೀಗೆ ಫೋನು ಹೋಯಿತು. ಅಲ್ಲಿನ ಕಾಲೇಜಿನಲ್ಲಿ ಪಾಠ ಹೇಳುವ ಅವಳೇ ಈ ಕಂಪ್ಯೂಟರನ್ನು ಸಿದ್ಧಮಾಡಿ ಕೊಟ್ಟಿದ್ದವಳು.

"ಗಡಿಬಿಡಿ ಬೇಡ ಮಾರಾಯ್ತಿ. ಪರದೆ ಮೇಲಿರೋದನ್ನ ಓದು, ಒಂದಕ್ಷರನೂ ಬಿಡ್ಬೇಡ."

ಕರುಣಾ ಓದಿದಳು, ಹೇಳಿದ್ದನ್ನು ಟೈಪು ಮಾಡಿದಳು, ಬಂದ ಉತ್ತರವನ್ನು ಮತ್ತೆ ಓದಿದಳು.

"ಎರಡು ಹೊಲದ ಬದು ತೆಗೆದು ಒಂದೇ ಮಾಡ್ದಂಗೆ ಎರಡು ಡಿಸ್ಕು ಸೇರ್ಸಿದ್ದೆ, ನೆನಪಿದ್ಯಾ? ಈಗ ಅದಕ್ಕೆ ಒಂದು ಹೊಲ ಕಾಣ್ತಾ ಇಲ್ಲ. ಅದು ಸಿಕ್ಕೋವರೆಗೂ ಮುಂದೆ ಹೋಗಲ್ಲ. ಯಾರು ಕೈ ಹಾಕಿದ್ರು ಅಂತ ನಂಗೆ ಬೇಡ. ನಿನ್ನೆಯಿಂದ ಏನು ಬದಲಾಗಿದೆ, ಅಷ್ಟು ಹೇಳು."

ಯಾವಾಗ ಕರೆದರೂ ಗಂಗಾಶ್ರೀಯದು ಇದೇ ಪ್ರಶ್ನೆ. ತಪ್ಪು ಯಾರದೆಂದು ಅವಳು ಕೇಳಿದ್ದೇ ಇಲ್ಲ. ಮನೆ ನಡೆಸುವುದಕ್ಕೂ ಇಂಥ ತಾಳ್ಮೆ ಬೇಕಲ್ಲವೇ ಎಂದು ಕರುಣಾಗೆ ಪ್ರತಿಸಲವೂ ಅನ್ನಿಸುತ್ತಿತ್ತು.

"ನಿನ್ನೆ ಆಯುಧಪೂಜೆ ಕಣೆ. ಅದಕ್ಕೂ ಕುಂಕುಮ, ಹೂವು."

"ಹಂಗಾದ್ರೆ ಒರೆಸೋವಾಗ ಏನೋ ಕಳಚಿರ್ಬೇಕು. ಕರೆಂಟು ತೆಗೆದು ಪೆಟ್ಟಿಗೆ ಬಿಚ್ಚಿ ನೋಡು."

ಒಳಗೆ ಧೂಳಿನ ಸುಳಿವೇ ಇರಲಿಲ್ಲ. ಒಂದು ಡಿಸ್ಕಿನ ವೈರು ಕಳಚಿ ಜೋತುಬಿದ್ದಿತ್ತು. ಅದರ ತುದಿಯಲ್ಲಿ ಪುಟ್ಟ ಬೆರಳೊಂದರ ಕುಂಕುಮದ ಗುರುತು, ಹುಣಸೆ ಬೀಜದಷ್ಟು. ಬಾಗಿಲ ಸಂದಿಯಲ್ಲಿ ಒಂಬತ್ತು ವರ್ಷದ ಮಗಳು ರಜನಿ ಜಡೆಯ ತುದಿ ಕಚ್ಚಿಕೊಂಡು ನಿಂತಿದ್ದಳು. ಕರುಣಾ ವೈರನ್ನು ಗಟ್ಟಿಯಾಗಿ ಸಿಕ್ಕಿಸಿ ಗುಂಡಿ ಒತ್ತಿದಳು. ಅಕ್ಷರಗಳು ಸರಸರ ಓಡಿದವು. ಕಂಪ್ಯೂಟರ್ ಎದ್ದಿತು.

"ಭಾಳ ಶಾಣ್ಯಾಕಿ ಬಿಡು, ಆ ಸೊರಬದಾಕಿ! ಅಲ್ಲಿ ಕುಂತು ಇಲ್ಲಿ ವೈರು ಹುಡುಕಿದ್ಲು," ಎನ್ನುತ್ತ ಉಚ್ಚಂಗಪ್ಪ ಪ್ರಿಂಟರಿನಿಂದ ಬಂದ ಬಿಸಿ ಬಿಸಿ ಪಟ್ಟಿ ಹಿಡಿದು ಹೊರಟ.

ಮೂರನೆಯ ರೊಟ್ಟಿ ಇದ್ದಿಲಾಗಿತ್ತು. ಕರುಣಾ ಹೊಸ ಹಿಟ್ಟು ತೆಗೆದುಕೊಂಡಳು. ರಜನಿ ಬಂದು ಪಕ್ಕದಲ್ಲಿ ಕೂತಳು. ಕರುಣಾ ಅವಳ ಕೈಗೂ ಒಂದು ಹಿಟ್ಟಿನ ಉಂಡೆ ಕೊಟ್ಟಳು. ನಾಲ್ಕನೆಯದು ಬೆಂದಿತು, ಐದನೆಯದೂ ಬೆಂದಿತು.

"ಅಮ್ಮಾ, ನಿನ್ನೆ ಅದರ ಒಳಗೆಲ್ಲ ಒರೆಸಿದ್ದು ನಾನು. ಅದಕ್ಕೇನಮ್ಮಾ ಅದು ಏಳದೇ ಇದ್ದಿದ್ದು?"