ಕೊನೆಯ ತಿದ್ದುಪಡಿ

"ಸ್ಕ್ರೀನು ನನ್ನ ಕಡಿ ತಿರುಗಸ್ರಿ," ಎಂದಳು ಸಾಬವ್ವ, ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ.

ಪುಣೆಯ ಶಿವಾಜಿನಗರದ ಆ ಆಧಾರ್ ಕೇಂದ್ರದಲ್ಲಿ ಬೆಳಗಿನಿಂದ ಕೀಲಿಮಣೆ ಕುಟ್ಟುತ್ತಿದ್ದ ಪ್ರಲ್ಹಾದನಿಗೆ ರೇಗಿತು. ಅರ್ಜಿಗೆ ಹೆಬ್ಬೆಟ್ಟು ಒತ್ತಿದವಳಿಗೆ ಸ್ಕ್ರೀನು ಯಾಕೆ? ಆದರೂ ತಿರುಗಿಸಿದ. ತಿರುಗಿಸದಿದ್ದರೆ ಆ ಹೆಂಗಸು ಏಳುವಂತೆ ಕಾಣಲಿಲ್ಲ.

ಯಾದಗಿರಿ ಕಡೆಯ ಹಳ್ಳಿಯಲ್ಲಿ ಸಾಬವ್ವನಿಗೆ ಎರಡು ಎಕರೆ ತೊಗರಿ ಹೊಲವಿದೆ. ಹೆತ್ತ ತಾಯಿ ಬರೆದುಕೊಟ್ಟದ್ದು. ಬಿತ್ತನೆಗೂ ರಾಶಿಗೂ ಊರಿಗೆ ಹೋಗುತ್ತಾಳೆ, ಉಳಿದ ತಿಂಗಳು ಪುಣೆಯಲ್ಲಿ ಗೌಂಡಿಗಳ ಕೈಕೆಳಗೆ ಇಟ್ಟಿಗೆ ಹೊರುತ್ತಾಳೆ. ರೈತರ ಖಾತೆಗೆ ಸರ್ಕಾರ ಹಾಕುವ ಎರಡು ಸಾವಿರದ ಕಂತು ಅವಳಿಗೆ ವರ್ಷದಿಂದ ಬಂದಿಲ್ಲ. ಪಹಣಿಯಲ್ಲಿ ಸಾಬವ್ವ, ಆಧಾರ್ ಕಾರ್ಡಿನಲ್ಲಿ ಸಾಬಾಬಾಯಿ. ಹೆಂಗಸೆಂದ ಮೇಲೆ ಹೆಸರಿಗೊಂದು 'ಬಾಯಿ' ಇರಲೇಬೇಕೆಂದು ಯಾವನೋ ಪುಣ್ಯಾತ್ಮ ಅಂಟಿಸಿಬಿಟ್ಟಿದ್ದ. ತಿದ್ದಿಸಲು ಹೋದರೆ ಇನ್ನೊಬ್ಬ 'ಸಾಬುಬಾಯಿ' ಮಾಡಿ ಕಳಿಸಿದ. ಹೆಸರು ತಿದ್ದಲು ಇರುವುದು ಎರಡೇ ಅವಕಾಶ. ಇದು ಕೊನೆಯದು.

ಬೆಳಿಗ್ಗೆಯಷ್ಟೇ ತಮ್ಮ ದತ್ತು ಊರಿನಿಂದ ಫೋನ್ ಮಾಡಿದ್ದ.

"ಅಕ್ಕಾ, ನೀ ಈಗ ಪುಣೆದಾಕಿ ಆಗೀದಿ. ಹೊಲ ನನ್ನ ಹೆಸರಿಗಿ ಮಾಡಿಬಿಡು. ರೊಕ್ಕ ನನಗ ಬಿದ್ರ ನಿನಗ ಕಳಸ್ತೀನಿ."

"ಹೊಲಾನೂ ಕಳಸ್ತೀ ಏನು?" ಎಂದು ಕೇಳಿ ಫೋನ್ ಕಟ್ ಮಾಡಿದ್ದಳು. ಎಂಥ ತಮ್ಮ!

ಈಗ ಊರಿನ ವೋಟಿಂಗ್ ಕಾರ್ಡನ್ನು ಸ್ಕ್ರೀನಿಗೆ ಒತ್ತಿ ಹಿಡಿದು, ಇಂಗ್ಲಿಷ್ ಅಕ್ಷರಗಳ ಮೇಲೆ ಒಂದೊಂದಾಗಿ ಉಗುರು ಸರಿಸಿದಳು. ಓದಲು ಬಾರದು, ನಿಜ. ಸಾಲಿನಲ್ಲಿ ಒಂದು ಇಟ್ಟಿಗೆ ಕಡಿಮೆಯಿದ್ದರೂ ಹಿಡಿಯುವ ಕಣ್ಣು ಅವಳದು.

"ಕಾರ್ಡಿನಾಗ ಈ ಅಕ್ಷರ ಎರಡು ಅದಾವ. ನೀ ಒಂದ ಹೊಡದೀದಿ," ಎಂದಳು ಮರಾಠಿಯಲ್ಲೇ.

ಹಿಂದೆ ನಿಂತಿದ್ದ ಜನರ ಸಾಲು ಗೊಣಗಿತು. ಒಂದು ಅಕ್ಷರದಿಂದ ಏನಾಗುತ್ತದೆ ಬಾಯಿ, ಎಂದು ಪ್ರಲ್ಹಾದ ಮರಾಠಿಯಲ್ಲಿ ಗದರಿದ.

"ಏನಾಗ್ತದಾ? ರೊಕ್ಕ ಹೋಗ್ತದ, ಅದರ ಹಿಂದ ನನ್ನ ಹೊಲ ಹೋಗ್ತದ!" ಸಿಟ್ಟಿನಲ್ಲಿ ಸಾಬವ್ವನಿಗೆ ಮರಾಠಿ ಮರೆತೇ ಹೋಯಿತು. "ಬಾಯಿ, ಬಾಯಿ ಅನಬ್ಯಾಡ. ಬಾಯಿ ನನಗ ಅದ, ನಾ ಬಾಯಿ ಅಲ್ಲ!"

ಪ್ರಲ್ಹಾದ ಫಕ್ಕನೆ ನಕ್ಕುಬಿಟ್ಟ. ಕನ್ನಡ ತಿಳಿಯದವನು ನಗುವುದು ಹೇಗೆ?

"ಅಯ್ಯ ನಿನ್ನ! ಕನ್ನಡ ಬರ್ತದಲ್ಲೋ! ಇಷ್ಟೊತ್ತನ ಬಾಯಿಗಿ ಬೀಗ ಹಾಕ್ಕೊಂಡು ಕುಂತಿದ್ದೇನು?"

"ಸೋಲಾಪುರದಾಂವ್ರಿ," ಎಂದ ಅವನು ಮೆಲ್ಲಗೆ. "ನಮ್ಮವ್ವನ ಹೆಸರು ಬಸವಣ್ಣೆವ್ವ. ಅಕಿ ಕಾರ್ಡಿನಾಗೂ ಬಸಂತಾಬಾಯಿ ಅಂತ ಬಿದ್ದದ."

"ಯಾವ ಶಾಣ್ಯಾ ಬರದಾನ ಅದನ್ನ?"

ಪ್ರಲ್ಹಾದ ಒಮ್ಮೆ ಸಾಲಿನ ಕಡೆ ನೋಡಿದ, ಒಮ್ಮೆ ತನ್ನ ಕೈ ನೋಡಿಕೊಂಡ.

"ನಾನ ಬರದೀನ್ರಿ."

ಸಾಬವ್ವ ಕಾರ್ಡನ್ನು ಮತ್ತೆ ಸ್ಕ್ರೀನಿಗೆ ಹಿಡಿದಳು. ಅವನು ತಲೆ ತಗ್ಗಿಸಿ, ಒಂದೇ ಬೆರಳಿನಿಂದ, ಬಿಟ್ಟ ಅಕ್ಷರವನ್ನು ಒತ್ತಿದ.