ಬ್ರೇಕ್ ದೀಪಕ್ಕೊಬ್ಬ ಸಾಕ್ಷಿ

ಗಾಡಿಯ ಬ್ರೇಕ್ ದೀಪಕ್ಕೆ ಹುಟ್ಟಿನಿಂದಲೇ ಒಂದು ದೋಷ: ಅದನ್ನು ಹೊತ್ತಿಸುವವನ ಕಣ್ಣಿಗೆ ಅದು ಬೀಳುವುದಿಲ್ಲ. ಕಾಲು ಪೆಡಲಿನ ಮೇಲಿದ್ದವನು ಹಿಂದೆ ನಿಂತವನ ಮಾತು ನಂಬಬೇಕು. ಇಚಲಕರಂಜಿಯ ಬಸಗೊಂಡ ಸಾವಕಾರರಿಗೆ ಈ ವ್ಯವಸ್ಥೆಯೇ ಸರಿಬರುತ್ತಿರಲಿಲ್ಲ. ಗವಳಿಗಿತ್ತಿ ಅಳೆದು ಕೊಟ್ಟ ಹಾಲನ್ನು ಅವರು ಮನೆಯಲ್ಲಿ ಮತ್ತೊಮ್ಮೆ ಅಳೆಯುತ್ತಿದ್ದರು. ಹಬ್ಬ ಎಂದು ಬರುತ್ತದೆಂದು ಇಬ್ಬರು ಅಯ್ಯನವರನ್ನು ಬೇರೆಬೇರೆಯಾಗಿ ಕೇಳುತ್ತಿದ್ದರು. ಇಬ್ಬರೂ ಒಂದೇ ದಿನ ಹೇಳಿದರೆ, ಒಳಗೊಳಗೇ ಮಾತಾಡಿಕೊಂಡಿದ್ದಾರೆ ಎನ್ನುತ್ತಿದ್ದರು.

ಅವರ ಪಿಕಪ್ ಮಿಲಿಟರಿಯವರು ಬಿಟ್ಟುಕೊಟ್ಟಿದ್ದು. ೧೯೬೧ರಲ್ಲಿ ಕೊಲ್ಹಾಪುರದ ಲಿಲಾವಿನಲ್ಲಿ ಕೂಗಿ ಹಿಡಿದಿದ್ದರು. ಹಿಂಬದಿಯ ತಗಡು ತುಕ್ಕು ಹಿಡಿದು ಉದುರುತ್ತಿದ್ದುದರಿಂದ ಗಡಹಿಂಗ್ಲಜದ ಬಡಿಗ ಪರಪ್ಪ ಜಾಲಿ ಕಟ್ಟಿಗೆಯ ತೊಟ್ಟಿ ಮಾಡಿಕೊಟ್ಟಿದ್ದ. ನೂಲು ಸುತ್ತಿದ ಬೀಮುಗಳೆಂಬ ಉದ್ದ ಉರುಳೆಗಳನ್ನು, ಹಿಂದಿನ ಹಲಗೆ ಇಳಿಸಿ, ಅದರಲ್ಲಿ ಹೇರಿಕೊಂಡು ಕೊರೋಚಿಯ ಮಗ್ಗಗಳಿಗೆ ಮುಟ್ಟಿಸುವುದು ಡ್ರೈವರ್ ಕಾಡಪ್ಪನ ಕೆಲಸ.

ಮೂರು ವರ್ಷ ಯಾವ ಅಪಘಾತವೂ ಇಲ್ಲದೆ ನಡೆಯಿತು. ನಾಲ್ಕನೆಯ ವರ್ಷದ ಒಂದು ಸೋಮವಾರ ಕೊರೋಚಿ ತಿರುವಿನಲ್ಲಿ ಎಮ್ಮೆ ಅಡ್ಡ ಬಂತು. ಕಾಡಪ್ಪ ಬ್ರೇಕ್ ಒತ್ತಿದ. ಹಿಂದಿದ್ದ ಬಸ್ಸು ಬಂದು ಬೀಮಿನ ತುದಿಗೆ ಮೂತಿ ಗುದ್ದಿತು. ಬಸ್ಸಿನ ಡ್ರೈವರು ಇಳಿದು, ಕೆಂಪು ದೀಪ ಹತ್ತಲೇ ಇಲ್ಲವೆಂದು ಊರಿಗೆಲ್ಲ ಕೇಳುವಂತೆ ಕೂಗಿದ. ಎಮ್ಮೆ ತನ್ನ ಪಾಡಿಗೆ ಹೋಯಿತು.

"ಒಮ್ಮೊಮ್ಮೆ ಹತ್ತೂದಿಲ್ಲಂತ ನಾ ಮೊದಲ ಹೇಳಿದ್ನೆಲ್ರಿ," ಎಂದ ಕಾಡಪ್ಪ, ಸಾವಕಾರರ ಮುಂದೆ ನಿಂತು. "ಎರಡ ಸಲ ಕೊಲ್ಹಾಪುರಕ್ಕ ಒಯ್ದೇನಿ."

"ಎರಡೂ ಸಲ ಅಲ್ಲಿ ಹತ್ತೇತಿ! ನಿನಗ ಕೊಲ್ಹಾಪುರದಾಗ ಏನೈತಿ?"

"ಭಾವುಸಾಹೇಬನ ವಾಯರಿಂಗ್ ಅಂಗಡಿ ಐತ್ರಿ."

"ಅದರ ಮಗ್ಗಲಕ?"

"ಚಾದ ಅಂಗಡಿ."

"ಅದರ ಮಗ್ಗಲಕ?"

"ಟಾಕೀಜ್ ಐತ್ರಿ."

"ಸಿಕ್ಕಿ ನೋಡು!" ಸಾವಕಾರರು ತೊಡೆ ತಟ್ಟಿದರು. "ನಾಳೆ ಆ ಭಾವುಸಾಹೇಬನ್ನ ಇಲ್ಲೇ ಕರಸ್ತೇನಿ. ದೀಪ ಹತ್ತಲಾರದ್ದು ನನ್ನ ಕಣ್ಣಿಗೆ ತೋರಸು, ಗಾಡಿ ನಿನ್ನ ಕೈಯಾಗ ಇರ್ತೇತಿ. ಇಲ್ಲಾಂದ್ರ ಗಾಡಿ ಕೀಲಿ ಇಟ್ಟ ನಡಿ."

ಸುಳ್ಳುಗಾರ ಅನ್ನಿಸಿಕೊಂಡು ಕೆಲಸ ಬಿಟ್ಟ ಡ್ರೈವರಿಗೆ ಇಚಲಕರಂಜಿಯಲ್ಲಿ ಇನ್ನೊಬ್ಬರು ಸ್ಟೇರಿಂಗ್ ಕೊಡುವುದಿಲ್ಲ. ಮುಂದೆ ಮಗ್ಗದ ಮನೆಯಲ್ಲಿ ಬೀಮು ಹೊರುವುದೇ ಗತಿ. ಕಾಡಪ್ಪ ಆ ರಾತ್ರಿ ಉಂಡನೋ ಇಲ್ಲವೋ, ಬೆಳಿಗ್ಗೆ ಮಾತ್ರ ಎಲ್ಲರಿಗಿಂತ ಮೊದಲು ಅಂಗಳದಲ್ಲಿದ್ದ.

ಮೊದಲ ಬಸ್ಸಿಗೆ ಭಾವುಸಾಹೇಬ ಬಂದ. ಅವನ ಆಯುಧವೆಂದರೆ ಎರಡು ತಂತಿ ಕಟ್ಟಿದ ಒಂದು ಬಲ್ಬು. ಫ್ಯೂಸು ನೋಡಿದ, ಪೆಡಲಿನ ಸ್ವಿಚ್ಚು ನೋಡಿದ, ದೀಪ ಬಿಚ್ಚಿ ಒರೆಸಿ ಹಾಕಿದ. ಎಲ್ಲವೂ ಚೊಕ್ಕ. ಬಸಗೊಂಡರು ತಾವೇ ಸೀಟಿಗೇರಿ ಬ್ರೇಕ್ ಒತ್ತಿದರು.

"ಹತ್ತೀತೇನು?"

"ಹತ್ತೇತ್ರಿ," ಎಂದ ಕಾಡಪ್ಪ, ಸತ್ತ ದನಿಯಲ್ಲಿ.

ಸಾವಕಾರರು ಜಿಗಿದಿಳಿದು ಹಿಂದಕ್ಕೆ ಓಡಿದರು. ದೀಪ ಆರಿತ್ತು. "ಎಲ್ಲೈತಿ?"

"ಪಾಯ ಕಾಢಲಾ ತರ ಕಸಾ ಲಾಗೇಲ?" ಎಂದು ಭಾವುಸಾಹೇಬ ಮರಾಠಿಯಲ್ಲಿ ನಕ್ಕ. ಕಾಲು ತೆಗೆದರೆ ದೀಪ ಹೇಗೆ ಉರಿದೀತು?

ಇಬ್ಬರೂ ಒಂದಾಗಿದ್ದಾರೆಂದು ಸಾವಕಾರರಿಗೆ ಖಾತ್ರಿಯಾಯಿತು. ಹೆಂಡತಿ ಬಾಳಕ್ಕನನ್ನು ಕೂಗಿ ಕನ್ನಡಿ ತರಿಸಿದರು.

"ಈ ವಯಸ್ಸಿನಾಗ ಕನ್ನಡಿ ಯಾಕ್ರಿ?" ಎನ್ನುತ್ತಲೇ ಆಕೆ ಅದನ್ನು ಗಾಡಿಯ ಹಿಂದಿನ ಗೋಡೆಗೆ ಆನಿಸಿಟ್ಟಳು. ಬಸಗೊಂಡರು ಕಾಲು ಪೆಡಲಿನ ಮೇಲಿಟ್ಟು, ಅರ್ಧ ದೇಹ ಹೊರಚಾಚಿ, ಕತ್ತು ತಿರುಗಿಸಿದರು. ಕನ್ನಡಿಯಲ್ಲಿ ದೀಪ ಕೆಂಪಗೆ ಉರಿಯುತ್ತಿತ್ತು.

"ಹತ್ತೇತಿ! ಲಬಾಡ ನನ ಮಗನ, ಮುಗೀತು ನಿನ್ನ ನೌಕರಿ!"

ಕಾಡಪ್ಪ ಗಾಡಿಯ ಹಿಂದಕ್ಕೆ ನಡೆದ. "ನನ್ನ ಹಾಸಿಗಿ ಗಂಟು ತೊಟ್ಟಿಯಾಗೈತ್ರಿ, ತಗೋತೇನಿ," ಎಂದು ಹಿಂಬದಿಯ ಹಲಗೆಯ ಸರಪಳಿ ಬಿಚ್ಚಿದ. ಹಲಗೆ ಧಡ್ ಎಂದು ಕೆಳಕ್ಕೆ ಜೋತುಬಿತ್ತು.

ಸಾವಕಾರರು ಇನ್ನೂ ಪೆಡಲ್ ಒತ್ತಿಕೊಂಡು ತಮ್ಮ ಗೆಲುವನ್ನು ಕನ್ನಡಿಯಲ್ಲಿ ಸವಿಯುತ್ತಿದ್ದರು. ದೀಪ ಫಕ್ಕನೆ ಆರಿತು.

"ಏ! ಏನ್ ಮಾಡಿದಿ?"

"ಸರಪಳಿ ಬಿಚ್ಚಿನ್ರಿ."

"ಹಾಕು!"

ಹಾಕಿದ. ಹತ್ತಿತು. ಬಿಚ್ಚಿದ. ಆರಿತು.

"ಸರಪಳಿಯೊಳಗ ಖಟಕಾ ಇಟ್ಟಾನ!" ಎಂದು ಬಸಗೊಂಡರು ಚೀರಿದರು. "ಬೇಕಾದಾಗ ಹಚ್ತಾನ, ಬ್ಯಾಡಾದಾಗ ಆರಸ್ತಾನ!"

ಭಾವುಸಾಹೇಬ ನಗಲಿಲ್ಲ. ತನ್ನ ಬಲ್ಬಿನಿಂದ ಒಂದು ತಂತಿ ಬಿಚ್ಚಿ, ಅದರ ಒಂದು ತುದಿಯನ್ನು ದೀಪದ ತಗಡಿಗೂ ಇನ್ನೊಂದನ್ನು ಗಾಡಿಯ ಕಬ್ಬಿಣದ ಚಾಸಿಗೂ ಮುಟ್ಟಿಸಿದ. ಸರಪಳಿ ನೆಲದಲ್ಲಿದ್ದರೂ ದೀಪ ಹತ್ತಿತು.

"ಸಾವಕಾರ, ಹೋದ ಕರೆಂಟ ತಿರುಗಿ ಬರಬೇಕಲ್ಲ. ಮೊದಲ ತಗಡಿನ್ಯಾಗ ಹಾದ ಬರ್ತಿತ್ತು. ಈಗ ಕಟಗಿ. ಹಲಗಿ ಮ್ಯಾಲಿದ್ರ ಸರಪಳಿ ಹಿಡಕೊಂಡ ಚಾಸಿಗೆ ಬರತೇತಿ. ಬೀಮ ಹೇರಿದಾಗ ಹಲಗಿ ಕೆಳಗ, ದಾರಿ ಬಂದ್. ನನ್ನ ಅಂಗಡಿಗೆ ಬರುವಾಗ ಗಾಡಿ ಖಾಲಿ, ಹಲಗಿ ಮ್ಯಾಲ. ನನಗೆಲ್ಲಿ ತಿಳೀಬೇಕು?" ಅವನು ದೀಪದ ಹಿಂದೆ ಬೆರಳಾಡಿಸಿದ. "ತಗಡ ಕೆಟ್ರ ಇರಲಿ ಅಂತ ಇಲ್ಲೊಂದು ತಂತೀನೂ ಇತ್ತು. ಯಾರೋ ಕಿತ್ತಾರ. ಸ್ಕ್ರೂ ಅಷ್ಟ ಉಳದಾವ."

"ಪರಪ್ಪ! ಆ ಬಡಿಗ್ಯಾ!" ಸಾವಕಾರರಿಗೆ ಹೊಸ ಹುರುಪು ಬಂತು. "ಅವನ ಮ್ಯಾಲ ನನಗ ಆವತ್ತ ಸಂಶೇ ಇತ್ತು!"

ಬಾಗಿಲಲ್ಲಿದ್ದ ಬಾಳಕ್ಕ ಕೇಳಿದಳು: "ತಾಂಬ್ರದ ತಂತಿ ಏನ್ರಿ? ಮಾರುದ್ದದ್ದು?"

ಉತ್ತರಕ್ಕೆ ಕಾಯದೆ ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿದ ತಂತಿಯನ್ನು ತಂದು ಗಾಡಿಯ ಮೇಲಿಟ್ಟಳು. "ಪರಪ್ಪ ಕದ್ದಗಿದ್ದಾನು ಅಂತ ನೀವ ಕಿತ್ತ ತಂದ ನನ್ನ ಸೀರಿ ಟ್ರಂಕಿನಾಗ ಇಟ್ಟಿದ್ರಿ. ನಾಕ ವರ್ಷಾತು, ಜರಿ ಸೀರಿಗೆಲ್ಲ ಹಸರ ಕಲಿ ಬಿದ್ದಾವ."

ಬಸಗೊಂಡರು ತಂತಿಯನ್ನು ಬಿಡಿಸಿ, ಮೊಳ ಹಾಕಿ ಅಳೆದರು.

"ಇದರಾಗ ಗೇಣಷ್ಟ ಕಡಿಮಿ ಐತಿ," ಎಂದರು, ಹೆಂಡತಿಯತ್ತ ನೋಡದೆ.

ಭಾವುಸಾಹೇಬ ಆ ತಂತಿಯನ್ನೇ ಎರಡು ಸ್ಕ್ರೂಗಳಿಗೆ ಬಿಗಿದ. ಕಾಡಪ್ಪ ಹಾಸಿಗೆ ಗಂಟು ಬಗಲಲ್ಲಿಟ್ಟುಕೊಂಡು ನಿಂತೇ ಇದ್ದ.

"ಗಂಟ ಒಳಗ ಇಡು," ಎಂದರು ಸಾವಕಾರರು. "ಕೊರೋಚಿಯವರು ಬೀಮಿಗೆ ಕಾಯಾಕತ್ತಾರ."

"ಒಂದ ಮಾತೈತ್ರಿ. ದಿನಾ ಮುಂಜಾನೆ ನೀವ ಬ್ರೇಕ್ ಒತ್ತಬೇಕು. ನಾ ಹಿಂದ ನಿಂತ ನೋಡ್ತೇನಿ. ನಾ ಹತ್ತೇತಿ ಅಂದ್ರ ಹತ್ತೇತಿ, ಇಲ್ಲಂದ್ರ ಇಲ್ಲ. ನೀವ ಇಳದ ಬರೂ ಹಂಗಿಲ್ಲ. ಕನ್ನಡೀನೂ ಇಲ್ಲ. ಅದ ಆಗೂದಿಲ್ಲಂದ್ರ ನಾ ಹೋಕ್ಕೇನಿ."

ಸಾವಕಾರರು ಕನ್ನಡಿಯತ್ತ ನೋಡಿದರು. ಬಾಳಕ್ಕ ಆಗಲೇ ಅದನ್ನು ಎತ್ತಿಕೊಂಡು ಒಳಗೆ ನಡೆದಿದ್ದಳು. ಸಾವಕಾರರು ಮೀಸೆ ಕಚ್ಚಿಕೊಂಡು ಸೀಟಿಗೇರಿ ಪೆಡಲ್ ಒತ್ತಿದರು.

"ಹತ್ತೀತೇನು?"

"ಹತ್ತೇತ್ರಿ."

ಬಸಗೊಂಡರ ಕತ್ತು ತಾನಾಗಿ ಹಿಂದಕ್ಕೆ ಹೊರಳಿತು. ಆದರೆ ಕುಂಡಿ ಸೀಟು ಬಿಡಲಿಲ್ಲ. ಬಲು ಮೆತ್ತಗೆ ಕೇಳಿದರು: "ಎರಡೂ?"

"ಇರೂದ ಒಂದ ಐತ್ರಿ ಸಾವಕಾರ."

"ಅಡ್ಡಿಯಿಲ್ಲ," ಎಂದು ಅವರು ಕಾಲು ತೆಗೆದರು. ಕಾಡಪ್ಪ ಗಂಟನ್ನು ತೊಟ್ಟಿಯೊಳಕ್ಕೆ ಎಸೆದ.