ಒಂಬತ್ತು ವರ್ಷಕ್ಕೆ ಒಂದೇ ದೂರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ಬಾಡಿಗೆಗೆ ಕೊಟ್ಟು ನೋಡು ಎನ್ನಲು ಮರೆತರು. ಆದರೆ ಟೈಲರಮ್ಮನನ್ನು ಕೇಳಿದ್ದರೆ, ಅಷ್ಟು ಸುಲಭದ ಕೆಲಸ ಲೋಕದಲ್ಲೇ ಇಲ್ಲ ಎನ್ನುತ್ತಿದ್ದರು. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಕೊಂಡ ಎರಡು ಕೋಣೆಯ ಮನೆ. ಒಂಬತ್ತು ವರ್ಷದಿಂದ ಅದರಲ್ಲಿ ಒಬ್ಬನೇ ಬಾಡಿಗೆದಾರ, ಬಸ್ ಡ್ರೈವರ್. ಒಂದೇ ಒಂದು ದೂರಿಲ್ಲ. "ನಂದು ಚಿನ್ನದಂಥ ಮನೆ ಕಣ್ರೀ. ಬಾಡಿಗೆಗೆ ಕೊಟ್ಟ ಮೇಲೆ ನಾನು ಹೊಸಿಲು ದಾಟಲ್ಲ. ಬೇರೆ ಓನರುಗಳ ಹಾಗೆ ಮೂಗು ತೂರಿಸೋಳಲ್ಲ," ಎಂದು ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳಿ ಹೇಳಿ, ಅವರ ಅಳತೆ ಟೇಪಿಗೂ ಆ ಮಾತು ಬಾಯಿಪಾಠವಾಗಿತ್ತು.

ಈಗ ಡ್ರೈವರನಿಗೆ ದೂರದ ಡಿಪೋಗೆ ವರ್ಗವಾಗಿತ್ತು. ಟೈಲರಮ್ಮನಿಗೋ ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸುವುದೇ ದೊಡ್ಡ ಸಾಹಸ. ಹೊಲಿಗೆ ಬಿಟ್ಟುಬಿಡಿ ಎಂದಿದ್ದರು ಡಾಕ್ಟರು. ಇನ್ನು ಒಲೆ ಉರಿಯಬೇಕಾದರೆ ಆ ಮನೆ ಖಾಲಿ ಬೀಳುವಂತಿಲ್ಲ. ಹಾಗಾಗಿ ನರ್ಸೊಬ್ಬಳು ಮನೆ ನೋಡಲು ಬರುತ್ತೇನೆ ಎಂದಾಗ, ಅವಳಿಗಿಂತ ಮೊದಲೇ ಹೋಗಿ ಬಾಗಿಲಲ್ಲಿ ನಿಂತರು.

ನರ್ಸ್ ಬಂದಳು. ಬೀಗದಲ್ಲಿ ಕೀಲಿ ತಿರುಗಿತು. ಬಾಗಿಲು ಮಾತ್ರ ಅಲ್ಲಾಡಲಿಲ್ಲ. ತಳ್ಳಿದರು, ಗುದ್ದಿದರು, ಕೊನೆಗೆ ಬೈದೂ ನೋಡಿದರು.

"ನಿಮ್ಮದೇ ಮನೆ ಅಲ್ವಾ ಅಮ್ಮ?" ಎಂದಳು ನರ್ಸ್. ಮಾತಿನಲ್ಲಿ ಕುಹಕವಿರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು.

ಅಷ್ಟರಲ್ಲಿ ಡ್ರೈವರ್ ಸಾಮಾನು ತುಂಬಲು ಖಾಲಿ ರಟ್ಟಿನ ಡಬ್ಬಗಳನ್ನು ಹೊತ್ತು ಬಂದ. ಹಿಡಿಕೆಯನ್ನು ಒಂದಿಷ್ಟು ಮೇಲೆತ್ತಿ, ಮೊಣಕಾಲಿನಿಂದ ಮೆಲ್ಲಗೆ ಒತ್ತಿದ. ಬಾಗಿಲು ಏನೂ ಆಗದವರ ಹಾಗೆ ತೆರೆದುಕೊಂಡಿತು.

ಒಳಗೆ ನರ್ಸ್ ಅಡುಗೆಮನೆಯ ನಲ್ಲಿ ತಿರುಗಿಸಿದಳು. ಹನಿ ನೀರಿಲ್ಲ.

"ಅದು ಉಲ್ಟಾ ಮೇಡಂ, ಇನ್ನೊಂದು ಕಡೆಗೆ ತಿರುಗಿಸಿ. ಈ ಕಿಟಕಿ ಗಾಳಿಗೆ ಬಡ್ಕೊಳ್ಳುತ್ತೆ, ಮರದ ಚೂರು ಸಿಕ್ಕಿಸಿದ್ದೀನಿ. ಸ್ವಿಚ್ ಬೋರ್ಡ್ ಕಿಡಿ ಹಾರ್ತಿತ್ತು, ಬದಲಾಯಿಸ್ದೆ. ಬಚ್ಚಲ ಗೋಡೆ ಸೋರ್ತಿತ್ತು, ನಾನೇ ಸಿಮೆಂಟ್ ಬಳಿದೆ."

ಟೈಲರಮ್ಮ ಕಣ್ಸನ್ನೆ ಮಾಡಿದರು, ಕೆಮ್ಮಿದರು. ಅವನು ನಿಲ್ಲಿಸಲಿಲ್ಲ. "ಮುಚ್ಚಿಟ್ಟು ಕೊಟ್ರೆ ಮೂರೇ ತಿಂಗಳಿಗೆ ಬಿಟ್ಟು ಹೋಗ್ತಾರಮ್ಮ," ಎಂದ ಮೆಲ್ಲಗೆ.

ಅವರ ಮುಖ ಸಣ್ಣದಾಯಿತು. ಯಾರ ಅಂಗಿ ಕೈಗೆ ಬಂದರೂ ಮೊದಲು ಒಳಮೈ ತಿರುಗಿಸಿ ಹೊಲಿಗೆ ನೋಡುವವರು, ಒಂಬತ್ತು ವರ್ಷದಲ್ಲಿ ತಮ್ಮದೇ ಮನೆಯ ಒಳಮೈ ಒಮ್ಮೆಯೂ ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು. ಸೌಜನ್ಯ ಎಂದುಕೊಂಡಿದ್ದರಲ್ಲಿ ಅರ್ಧ ಸೋಮಾರಿತನವಿತ್ತು.

"ಒಂದು ಸಲ ಆದ್ರೂ ನನಗೆ ಹೇಳಬಾರದಿತ್ತೇನಪ್ಪಾ?"

"ಹೆಂಡತಿ ತೀರಿಕೊಂಡಾಗ ಕೈಗೂಸು ಎತ್ಕೊಂಡು ಹದಿನಾಲ್ಕು ಬಾಗಿಲು ತಟ್ಟಿದ್ದೆ. ಒಂಟಿ ಗಂಡಸಿಗೆ ಮನೆ ಇಲ್ಲ ಅಂದ್ರು ಎಲ್ಲರೂ. ನೀವು ಮಗು ಹೆಸರು ಕೇಳಿದ್ರಿ, ಕೀಲಿ ಕೊಟ್ರಿ. ಬೇರೇನೂ ಕೇಳಲಿಲ್ಲ. ಅಂಥ ಮನೇಲಿ ಕೂತು ನಲ್ಲಿ ಉಲ್ಟಾ ಅಂತ ದೂರೋದಾ?"

ಟೈಲರಮ್ಮನಿಗೆ ಅದು ನೆನಪೇ ಇರಲಿಲ್ಲ. ಅವತ್ತು ಯಾವುದೋ ಅರ್ಜೆಂಟ್ ಹೊಲಿಗೆ ಇದ್ದಿರಬೇಕು. ಆ ಒಂದು ಗಳಿಗೆಯ ಋಣವನ್ನು ಇವನು ಒಂಬತ್ತು ವರ್ಷ ಗೋಡೆ ಬಳಿದು ತೀರಿಸಿದ್ದ. ಅವಸರದಲ್ಲಿ ಕೊಟ್ಟ ಕೀಲಿಯನ್ನು ಯಾವ ಬಾಯಲ್ಲಿ ಉಪಕಾರ ಎನ್ನುವುದು? ಮಂಜುಗಣ್ಣಿಗೆ ನೀರೂ ಸೇರಿಕೊಂಡು ಏನೂ ಕಾಣದಾಯಿತು.

ನರ್ಸ್ ನಲ್ಲಿಯನ್ನು ಇನ್ನೊಮ್ಮೆ ತಿರುಗಿಸಿ ನಿಲ್ಲಿಸಿದಳು. "ಗೊತ್ತಿರೋ ಕಾಯಿಲೆಗೆ ನಾವು ಹೆದರಲ್ಲ ಅಮ್ಮ, ಗೊತ್ತಿಲ್ಲದ್ದಕ್ಕೇ ಹೆದರೋದು. ಬಾಗಿಲು, ನಲ್ಲಿ ಸರಿ ಮಾಡಿಸಿಕೊಡಿ, ಒಂದನೇ ತಾರೀಕಿಗೆ ಬರ್ತೀನಿ."

"ನಾಳೆನೇ ಮಾಡಿಸ್ತೀನಿ. ಆದ್ರೆ ನಂದೂ ಒಂದು ಷರತ್ತು. ತಿಂಗಳಿಗೆ ಒಂದಾದ್ರೂ ದೂರು ಹೇಳಲೇಬೇಕು. ಇಲ್ದಿದ್ರೆ ಮನೆ ಖಾಲಿ ಮಾಡಿಸ್ತೀನಿ!"

ನರ್ಸ್ ನಗುತ್ತಲೇ ಹೋದಳು. ಟೈಲರಮ್ಮ ಹೊಸಿಲವರೆಗೆ ಬಂದು ಹಿಂದಿರುಗಿ ನೋಡಿದರು.

"ಹೋಗೋ ಮುಂಚೆ ನೀನೂ ಒಂದು ದೂರು ಹೇಳಪ್ಪ. ನನ್ನ ಸಮಾಧಾನಕ್ಕೆ."

ಡ್ರೈವರ್ ತಲೆ ಕೆರೆದುಕೊಂಡ. "ಒಂದಿದೆ. ಬಾಡಿಗೆ ಇಸ್ಕೊಳ್ಳೋಕೆ ಬಂದಾಗೆಲ್ಲ ಬಾಗಿಲಲ್ಲೇ ನಿಂತು ಹೋಗಿಬಿಡ್ತಿದ್ರಿ. ಮಗಳು ಪ್ರತಿ ತಿಂಗಳೂ ನಿಮಗೆ ಅಂತ ಕುರ್ಚಿ ಒರೆಸಿ ಇಡ್ತಿದ್ಲು. ಒಂದು ದಿನಾನೂ ಒಳಗೆ ಬಂದು ಕೂರಲಿಲ್ಲ ನೀವು."

ಆ ಕುರ್ಚಿ ಹಿಂದಿನ ದಿನವೇ ಹೊಸ ಮನೆಗೆ ಹೋಗಿಯಾಗಿತ್ತು. ಟೈಲರಮ್ಮ ಒಳಗೆ ನಡೆದು, ಬರಿನೆಲದ ಮೇಲೆ ಗೋಡೆಗೊರಗಿ, ಕಾಲು ಚಾಚಿ ಕೂತರು.

"ಮಗಳನ್ನ ಕರಿ."

"ಅವಳು ಸ್ಕೂಲಿಂದ ಬರೋದು ನಾಲ್ಕು ಗಂಟೆಗಮ್ಮ."

"ಬರಲಿ," ಎಂದರು ಟೈಲರಮ್ಮ. "ಕಾಯ್ತೀನಿ."